ತಾತ್ಕಾಲಿಕ ಅಂತ ನಾನೇ ಹೇಳಿದ್ದೆ

ನನ್ನ ಮೊಮ್ಮಗಳು ಗಂಗಾಗೆ ನೌಕರಿ ಹತ್ತಿತು. ಈ ಮಾತನ್ನು ನಾನು ಹದಿನೈದು ದಿನದಲ್ಲಿ ಎಷ್ಟು ಮಂದಿಗೆ ಹೇಳಿದ್ದೇನೆ ಅಂದರೆ, ಕಲಘಟಗಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡ ಕೂಡಲೇ ಹುಬ್ಬಳ್ಳಿ ಬಸ್ಸಿನ ಕಂಡಕ್ಟರು, "ಗೊತ್ತಾತ್ ಬೇ ಯಮ್ಮಾ, ಮೊಮ್ಮಗಳಿಗೆ ನೌಕರಿ ಹತ್ತೈತಿ. ಮೊದಲ ಆಧಾರ್ ಕಾರ್ಡ್ ತಗೀ" ಅನ್ನುತ್ತಾನೆ. ಅವನಿಗೆ ಪೇಢೆ ಕೊಟ್ಟಾಗಿದೆ. ಡ್ರೈವರಿಗೂ ಕೊಟ್ಟಾಗಿದೆ. ಒಂದು ದಿನ ಬಸ್ಸಿನಲ್ಲಿ ಬಾಜೂಕ್ಕೆ ಕೂತಿದ್ದ ಗುರುತಿಲ್ಲದ ಹೆಣ್ಣುಮಗಳಿಗೂ ಕೊಟ್ಟೆ. ಆಕೆ ತನಗೆ ಸಕ್ಕರೆ ಕಾಯಿಲೆ ಅಂದಳು. "ಅರ್ಧಾ ತಿನ್ನವ್ವಾ, ಸಂತೋಷದ್ದು ಏನೂ ಮಾಡೂದಿಲ್ಲ" ಅಂದೆ.

ಸಂತೋಷ ಯಾಕೆ ಇಷ್ಟು ಉಕ್ಕುತ್ತಿದೆ ಅಂದರೆ, ಗಂಗಾ ಸೇರಿದ್ದು ನಾನು ಇಪ್ಪತ್ತನಾಲ್ಕು ವರ್ಷ ಕಸ ಹೊಡೆದ ಕಚೇರಿಗೇ. ನಾನು ಒರೆಸುತ್ತಿದ್ದ ಮೇಜಿನ ಮುಂದಿನ ಕುರ್ಚಿಯಲ್ಲಿ ಆಕೆ ಕೂಡುತ್ತಾಳೆ. ಸಂಶೋಧನಾ ಸಹಾಯಕಿ! ಈ ಶಬ್ದ ಸರಿಯಾಗಿ ಅನ್ನಲು ನನಗೆ ಎರಡು ದಿನ ಹಿಡಿಯಿತು. ಮೊನ್ನೆ ಆಕೆ, "ಆಜಿ, ಅಲ್ಲಿ ಕೆಲಸ ಖರೇ ಖರೇ ಹ್ಯಾಂಗಿರತೈತಿ ಹೇಳು" ಅಂದಳು. ಹೇಳುವುದಲ್ಲ, ಬರೆದೇ ಕೊಡುತ್ತೇನೆ ಅಂದೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಆಕೆ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ. ಆಕೆಯ ಜೊತೆ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರೂ ಓದಲಿ.

ಕಚೇರಿ ಅಂದರೆ ಕಲಘಟಗಿಯಲ್ಲಿರುವ ಒಂದು ಅಧ್ಯಯನ ಕೇಂದ್ರ. ಕಾಡಂಚಿನ ಜನರ ಬದುಕು, ಅವರ ಹಕ್ಕು, ಇದರ ಮೇಲೆ ದೊಡ್ಡ ದೊಡ್ಡ ಕಲಿತವರು ಅಲ್ಲಿ ಅಭ್ಯಾಸ ಮಾಡುತ್ತಾರೆ. ಹೆಸರು ಬರೆಯುವುದಿಲ್ಲ, ಗಂಗಾ ಇನ್ನು ಅಲ್ಲೇ ಉಣ್ಣಬೇಕು.

ಮೊದಲು ಬಡ್ತಿಯ ಮಾತು ಮುಗಿಸಿಬಿಡುತ್ತೇನೆ. ಸೇವಕಿಯಾಗಿ ಸೇರಿದೆ, ಸೇವಕಿಯಾಗಿ ಬಿಟ್ಟೆ. ಮುಗೀತು.

ಕೆಲಸ ಏನು? ಕಸ, ಚಹಾ, ಹೊರಗಿನಿಂದ ಬಂದವರಿಗೆ ಅಡುಗೆ. ಇದರ ಮೇಲೆ ಕಾಗದದಲ್ಲಿ ಎಲ್ಲೂ ಬರೆಯದ ಒಂದು ಕೆಲಸ ಇತ್ತು: ಮಾತು ತಿರುಗಿಸಿ ಹೇಳುವುದು. ನನ್ನ ಹೆಸರು ಜನಾಬಾಯಿ, ನಾವು ಗೌಳಿ ಜನ. ಎಮ್ಮೆ ಸಾಕಿ, ಹಾಲು ಬೆಣ್ಣೆ ಮಾರಿ ಬದುಕಿದವರು. ನಮ್ಮ ಮನೆಮಾತು ಒಂದು ನಮೂನೆ ಮರಾಠಿ. ನನ್ನ ತವರು ದುಮ್ಮವಾಡದಿಂದ ಆಚೆ, ಕಾಡಿನೊಳಗೆ ಹನ್ನೊಂದು ಮನೆಯ ಒಂದು ದಡ್ಡಿ. ನಮ್ಮ ಕಡೆ ಗೌಳಿಗರ ಊರಿಗೆ ದಡ್ಡಿ ಅನ್ನುತ್ತಾರೆ. ಈ ಶಬ್ದವನ್ನು ನೆನಪಿಡಿರಿ, ನನ್ನ ನೌಕರಿಯ ಮಾನ ಮರ್ಯಾದೆ ಎಲ್ಲ ಇದರ ಮೇಲೇ ನಿಂತಿತು.

ಸೇರಿದ ಮೊದಲ ದಿನವೇ ಇದರ ಗದ್ದಲ. ಆಗ ಕೇಂದ್ರದ ಹಿರಿಯರು ಅಚ್ಯುತ ಸರ್, ಮೈಸೂರು ಕಡೆಯವರು. ಕಣ್ಣಲ್ಲಿ ಸದಾ ಒಂದು ಹನಿ ನೀರು. ಬಡವರನ್ನು ಕಂಡರೆ ಎರಡು ಹನಿ. ನಾನು ಚಹಾ ಇಟ್ಟೆ. ಅವರು ಪ್ರೀತಿಯಿಂದ, "ನಿಮ್ಮದು ಯಾವೂರಮ್ಮಾ?" ಅಂದರು.

"ನಮ್ಮದು ದಡ್ಡಿರೀ ಸರ" ಅಂದೆ.

ಅವರು ಲೋಟ ಕೆಳಗಿಟ್ಟರು. "ಛೆ ಛೆ! ಹಾಗೆಲ್ಲ ನಿಮ್ಮನ್ನ ನೀವೇ ಹೀಗಳೆದುಕೋಬಾರದು. ಓದಿಲ್ಲ ಅಂದಮಾತ್ರಕ್ಕೆ ಯಾರೂ ದಡ್ಡಿ ಆಗಲ್ಲ. ನಿಮ್ಮನ್ನ ದಡ್ಡಿ ಅಂತ ನಂಬಿಸಿದ್ದು ಈ ಸಮಾಜ."

"ಇಲ್ರಿ ಸರ, ನಮ್ಮವ್ವನೂ ದಡ್ಡಿಯಾಕೀನರೀ. ಅವರವ್ವನೂ."

"ನೋಡಿದಿರಾ! ತಲೆತಲಾಂತರದಿಂದ!" ಅಂತ ಬಾಜೂಕ್ಕೆ ಕೂತ ಲಲಿತಾ ಮೇಡಂ ಕಡೆ ತಿರುಗಿದರು. ಕಣ್ಣಲ್ಲಿ ಎರಡನೇ ಹನಿ ಬಂದಿತ್ತು.

ಲಲಿತಾ ಮೇಡಂ ನಮ್ಮ ಅಣ್ಣಿಗೇರಿಯವರು, ಮಾತು ಕಟಕ್. "ಸರ್, ದಡ್ಡಿ ಅಂದ್ರ ಆಕಿ ಊರು. ನೀವು ಚಹಾ ಕುಡೀರಿ, ಆರತೈತಿ" ಅಂದರು.

ಸರ್ ಕೆಟ್ಟವರಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ದಡ್ಡಿಯ ಮುದುಕನಿಗೆ ಹಾವು ಕಡಿದಾಗ ಸ್ಕೂಟರ್ ಮೇಲೆ ಕೂರಿಸಿಕೊಂಡು ಹುಬ್ಬಳ್ಳಿಗೆ ಒಯ್ದವರು ಅವರೇ. ಆದರೆ ಮಂದಿಯ ಮಾತು ಮುಗಿಯುವುದರೊಳಗೆ ಅವರಿಗೆ ಅರ್ಥ ಆಗಿಬಿಡುತ್ತಿತ್ತು. ಅದೊಂದೇ ಚಟ. ಗಂಗಾ, ನಿನಗೂ ಆ ಚಟ ಇದೆ. ಬಿಡು.

ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಬೆಂಬಲದ ಸಭೆ ಅಂತ ಮಾಡುತ್ತಿದ್ದರು. ಆದಿವಾಸಿಗಳ ಜೊತೆಗೆ, ಕಾಡಿನ ಜನರ ಜೊತೆಗೆ ನಾವಿದ್ದೇವೆ ಅಂತ ಕಲಿತವರೆಲ್ಲ ಕೂಡಿ ಹೇಳುವ ದಿನ. ಒಂದು ಸಲದ್ದು ಮರೆಯುವಂತಿಲ್ಲ. ಕಡು ಬೇಸಿಗೆ. ಎಲ್ಲಿಂದ ಎಲ್ಲಿಂದಲೋ ಪ್ರೊಫೆಸರುಗಳು ಬಂದಿದ್ದರು. ಬೆಂಬಲದ ಗುರುತು ಅಂತ ಎಲ್ಲರ ಹೆಗಲ ಮೇಲೂ ಒಂದೊಂದು ಕರಿ ಕಂಬಳಿ. ಕಂಬಳಿ ನೇಯುವವರು ಕುರುಬರು, ನಾವು ಎಮ್ಮೆಯವರು. ಆದರೆ ಹೇಳಲು ಹೋಗಲಿಲ್ಲ, ತರಿಸಿ ಆಗಿತ್ತು. ಒಬ್ಬ ಸರ್ ಬೆವತು ಬೆವತು, "ಇವರು ಇದನ್ನ ಹೊದ್ದು ಹ್ಯಾಗೆ ಬದುಕ್ತಾರಪ್ಪಾ!" ಅಂತ ಕಣ್ಣೊರೆಸಿಕೊಂಡರು. ಕಣ್ಣೀರೋ ಬೆವರೋ, ದೇವರಿಗೇ ಗೊತ್ತು.

ನಮ್ಮ ದಡ್ಡಿಯಿಂದ ನಾಲ್ಕು ಮಂದಿ ಹಿರಿಯರನ್ನು ಕರೆಸಿ ವೇದಿಕೆ ಮೇಲೆ ಕೂರಿಸಿದ್ದರು. ಅದರಲ್ಲಿ ನನ್ನ ಅಣ್ಣ ಧೋಂಡಿಬಾ ಒಬ್ಬ. ಮುಂಜಾನೆ ಹತ್ತಕ್ಕೆ ಕೂತವರು. ಪ್ರೊಫೆಸರುಗಳು ಒಬ್ಬರಾದ ಮೇಲೆ ಒಬ್ಬರು ಎದ್ದು, "ಇವರ ದನಿ ಕೇಳಬೇಕು, ಇವರ ದನಿ ಕೇಳಬೇಕು" ಅಂದರು. ಮೂರು ಗಂಟೆಯ ತನಕ ಅಂದರು. ಆಮೇಲೆ ಅಧ್ಯಕ್ಷರು ಗಡಿಯಾರ ನೋಡಿ, "ಸಮಯದ ಅಭಾವ ಇದೆ, ಧೋಂಡಿಬಾ ಅವರು ಎರಡೇ ಮಾತು ಆಡಲಿ" ಅಂದರು.

ಅಣ್ಣ ಎದ್ದ. ಮೈಕಿಗೆ ಕೈ ಮುಗಿದ. "ನೀವೆಲ್ಲಾ ನಮ್ಮ ಬೆನ್ನಿಗೆ ನಿಂತೀವಿ ಅಂದ್ರಿ. ಭಾಳ ಛಲೋ ಆತು. ಆದ್ರ ಎಮ್ಮಿ ಕರಿಯೂ ಹೊತ್ತಾಗೇತ್ರಿ. ಸ್ವಲ್ಪ ಬಾಜೂಕ ಸರೀರಿ, ಬಾಗಿಲಿಗೆ ಅಡ್ಡ ನಿಂತೀರಿ."

ಖರೇನೇ ನಿಂತಿದ್ದರು. ಫೋಟೋ ತೆಗೆಯಲು ಹತ್ತು ಹದಿನೈದು ಮಂದಿ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಆದರೆ ಸಭೆಗೆ ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಒಬ್ಬ ಮೇಡಂ ಅಳುತ್ತಲೇ ಬರೆದುಕೊಂಡರು. ಮರುವರ್ಷ ಆ ಮಾತಿನ ಮೇಲೆ ಒಬ್ಬರು ಪ್ರಬಂಧ ಓದಿದರು: 'ಬಾಗಿಲು ಎಂಬ ರೂಪಕ'. ಅಣ್ಣನಿಗೆ ಹೇಳಿದೆ. "ರೂಪಕ ಅಂದ್ರ ಏನು?" ಅಂದ. "ಇದ್ದದ್ದನ್ನ ಇಲ್ಲ ಅನ್ನೂದು" ಅಂದೆ. "ಅವತ್ತು ಅವರು ಸರೀಲೇ ಇಲ್ಲ ನೋಡ, ಹಿಂದಿನ ಕಿಡಕಿಯಿಂದ ಜಿಗದು ಬಂದೆ" ಅಂದ.

ಈಗ ಪ್ರಶ್ನೆ ಕೇಳುವ ಕೆಲಸಕ್ಕೆ ಬರುತ್ತೇನೆ. ಗಂಗಾ, ನಿನ್ನ ಹೊಟ್ಟೆಪಾಡು ಇದೇ, ಲಕ್ಷ್ಯಗೊಟ್ಟು ಓದು.

ಬೆಂಗಳೂರು ಕಡೆಯಿಂದ ಬಂದ ಒಬ್ಬ ಹುಡುಗಿ, ಒಳ್ಳೆಯ ಹುಡುಗಿ, ಹೆಂಗಸರ ಸ್ವಾತಂತ್ರ್ಯದ ಮೇಲೆ ಅಭ್ಯಾಸ ಮಾಡುತ್ತಿದ್ದಳು. ನನ್ನ ಜೊತೆ ದಡ್ಡಿಗೆ ಬಂದಳು. ಅಣ್ಣನ ಹೆಂಡತಿ, ನಮ್ಮ ಸೋನಾ ವೈನಿ, ಸಗಣಿ ಬಳಿಯುತ್ತಿದ್ದಳು. ಹುಡುಗಿ ಕಾಗದ ತೆಗೆದು, "ನೀವು ದಿನಕ್ಕೆ ಎಷ್ಟು ಸಲ ಹೊರಗಡೆ ಹೋಗ್ತೀರಿ?" ಅಂತ ಕೇಳಿದಳು. ನಮ್ಮ ಕಡೆ 'ಹೊರಗಡೆ ಹೋಗುವುದು' ಅಂದರೆ ಚೊಂಬು ಹಿಡಿದು ಹೋಗುವುದು. ಆ ಹುಡುಗಿಗೆ ಏನು ಗೊತ್ತು? ನಾನು ಹೇಳುವಷ್ಟರಲ್ಲಿ ವೈನಿ ಉತ್ತರ ಕೊಟ್ಟಾಗಿತ್ತು: "ಒಂದ ಸಲ. ಮಜ್ಜಿಗಿ ಹಳೇದಾದ್ರ ಎರಡು."

"ಗಂಡ ಅನುಮತಿ ಕೊಡ್ತಾರಾ?"

ವೈನಿ ಸಗಣಿ ಕೈ ಹಾಗೇ ಹಿಡಿದು ನನ್ನ ಮುಖ ನೋಡಿದಳು. "ಜನಾ, ಇದಕ್ಕೂ ಅನುಮತಿ ಕೇಳಕೋತ ಕುಂತ್ರ ಸೀರಿ ಉಳೀತೈತೇನ?"

ಹುಡುಗಿ ಅಗದಿ ಗಂಭೀರವಾಗಿ, "ಒಬ್ಬರೇ ಹೋಗ್ತೀರಾ, ಗುಂಪಲ್ಲಿ ಹೋಗ್ತೀರಾ?" ಅಂದಳು. ಅಷ್ಟೇ. ಅಕ್ಕಪಕ್ಕದ ಹೆಂಗಸರೆಲ್ಲ ಕೂಡಿ ನಕ್ಕ ನಗೆಗೆ ಕಟ್ಟಿದ ಎಮ್ಮೆ ಬೆದರಿ ಗೂಟ ಕಿತ್ತವು. ಹುಡುಗಿಗೆ ದಾರಿಯಲ್ಲಿ ತಿಳಿಸಿ ಹೇಳಿದೆ. ನಾಚಿ ಕೆಂಪಾದಳು. ಆದರೆ ಅಷ್ಟೊತ್ತಿಗೆ ಫಾರ್ಮು ತುಂಬಿ ಆಗಿತ್ತು. ವರದಿಯಲ್ಲಿ 'ಗೌಳಿ ಮಹಿಳೆಯರು ಹೊರಗಡೆ ಹೋಗುವ ಅವಕಾಶ ದಿನಕ್ಕೆ ಒಂದೇ ಸಲ' ಅಂತ ಅಚ್ಚಾಯಿತು. ಅದಕ್ಕೆ ಮರುಕಪಟ್ಟು ಮತ್ತೊಬ್ಬರು ಬಂದರು.

ಕಾಗದ ಹೋಗಿ ಟೇಪ್ ರೆಕಾರ್ಡರ್ ಬಂತು, ಅದು ಹೋಗಿ ಟ್ಯಾಬ್ ಬಂತು. ಟ್ಯಾಬಿನಲ್ಲಿ ಬರೆಯುವ ಹಂಗಿಲ್ಲ, ಒತ್ತಿದರೆ ಸಾಕು. ಸಾಕುಪ್ರಾಣಿ ಯಾವುದು ಅಂತ ಒಂದು ಪ್ರಶ್ನೆ: ಹಸು, ಎತ್ತು, ಕುರಿ, ಕೋಳಿ, ಇತರೆ. ಎಮ್ಮೆ ಇಲ್ಲ! ಗೌಳಿಗರ ಅಭ್ಯಾಸಕ್ಕೆ ಬಂದ ಯಂತ್ರದಲ್ಲಿ ಎಮ್ಮೆ ಇಲ್ಲ. ಇಡೀ ದಡ್ಡಿಯ ಎಮ್ಮೆ ಎಲ್ಲ 'ಇತರೆ' ಆದವು. ಧೋಂಡಿಬಾ ಕೇಳಿ, "ಎಮ್ಮಿಗೆ ಹೇಳಬ್ಯಾಡ, ಹಾಲು ಕಡಿಮಿ ಮಾಡ್ಯಾವು" ಅಂದ.

ಇನ್ನು ನನ್ನ ತಪ್ಪಿನ ಮಾತು. ಇದನ್ನು ಬರೆಯದೆ ಬಿಟ್ಟರೆ ಮೇಲಿನದೆಲ್ಲ ಬರೀ ಚಾಡಿ ಆಗುತ್ತದೆ.

ಅಚ್ಯುತ ಸರ್ ನಮ್ಮ ಜನರ ಮೇಲೆ ದೊಡ್ಡ ಪುಸ್ತಕ ಬರೆಯುತ್ತಿದ್ದರು. ಕೊನೆಗೆ ಶಬ್ದಗಳ ಅರ್ಥ ಹಾಕುವುದಿತ್ತು. ಅಚ್ಚಿಗೆ ಹೋಗುವ ದಿನ ಅಡುಗೆಮನೆ ಬಾಗಿಲಿಗೆ ಬಂದರು. ಒಳಗೆ ನಾನು ಇಪ್ಪತ್ತು ಮಂದಿಗೆ ಚಪಾತಿ ಬೇಯಿಸುತ್ತಿದ್ದೆ. ಹಂಚು ಕಾದು ಹೊಗೆ ಬಂದಿತ್ತು.

"ಜನಾಬಾಯಿ, ದಡ್ಡಿ ಅಂದರೆ ಒಂದೇ ಮಾತಲ್ಲಿ ಏನು?"

"ಎಮ್ಮಿ ಕಟ್ಟೂ ಜಾಗಾರೀ ಸರ. ಮತ್ತ..."

"ಸರಿ ಸರಿ. ಶಾಶ್ವತವೋ, ತಾತ್ಕಾಲಿಕವೋ?"

ಮೊದಲನೇ ಶಬ್ದ ನಾನು ಎಂದೂ ಕೇಳಿದವಳಲ್ಲ. ಶಾಶ್ವತ ಅಂದರೆ ಏನೋ ಮಂತ್ರದ ಹಾಗೆ ಕೇಳಿಸಿತು. ಆದರೆ ತಾತ್ಕಾಲಿಕ! ಅದು ನನಗೆ ಗೊತ್ತಿತ್ತು. ನನ್ನ ಯಜಮಾನರು ಅಳ್ನಾವರ ಸ್ಟೇಶನ್ನಿನಲ್ಲಿ ಹಮಾಲಿ ಮಾಡಿದವರು. ಅಲ್ಲಿ ತತ್ಕಾಲ್ ಟಿಕೆಟ್ ಅಂದರೆ ಎಲ್ಲಕ್ಕೂ ಮೇಲಿನ ಟಿಕೆಟ್. ರೊಕ್ಕ ಹೆಚ್ಚು, ಜಾಗ ಪಕ್ಕಾ. ತತ್ಕಾಲ್ ತೆಗೆದುಕೊಂಡವರನ್ನು ಯಾರೂ ಎಬ್ಬಿಸುವಂತಿಲ್ಲ ಅಂತ ಅವರು ಹೇಳುತ್ತಿದ್ದರು. ನಮ್ಮ ದಡ್ಡಿಗೆ ಕಡಿಮೆ ಯಾಕೆ ಮಾಡಿಕೊಳ್ಳಲಿ?

"ತಾತ್ಕಾಲಿಕ ರೀ ಸರ. ಅಗದಿ ತಾತ್ಕಾಲಿಕ" ಅಂದೆ.

ಅವರು ಬರೆದುಕೊಂಡು ಹೋದರು. ನಾನು ಚಪಾತಿ ತಿರುವಿದೆ.

ಪುಸ್ತಕ ಬಂತು. ಹಿಂದಿನ ಪುಟದಲ್ಲಿ: 'ದಡ್ಡಿ: ಜಾನುವಾರು ಕಟ್ಟುವ ತಾತ್ಕಾಲಿಕ ಬಿಡಾರ. ಮಾಹಿತಿ: ಜನಾಬಾಯಿ.' ನನ್ನ ಹೆಸರು ಅಚ್ಚಿನಲ್ಲಿ! ಹೊಟ್ಟೆಯೊಳಗೆ ಹಾಲು ಉಕ್ಕಿದಂತಾಯಿತು. ಆ ಪುಟಕ್ಕೆ ಅರಿಷಿಣ ಕುಂಕುಮ ಹಚ್ಚಿ, ಪುಸ್ತಕವನ್ನು ಸೀರೆ ಪೆಟ್ಟಿಗೆಯಲ್ಲಿಟ್ಟೆ. ಮದುವೆ ಸೀಮಂತ ಎಲ್ಲಿಗೆ ಹೋದರೂ ಒಯ್ದು ತೋರಿಸುತ್ತಿದ್ದೆ. ಪುಸ್ತಕಕ್ಕೆ ದೊಡ್ಡ ಪ್ರಶಸ್ತಿ ಬಂತು. ಸರ್ ನಿವೃತ್ತರಾಗಿ ಮೈಸೂರಿಗೆ ಹೋದರು. ಲಲಿತಾ ಮೇಡಂ ಕೇಂದ್ರಕ್ಕೆ ಹಿರಿಯರಾದರು.

ಅದಾಗಿ ಕೆಲವು ವರ್ಷಕ್ಕೆ, ನಾನು ನಿವೃತ್ತಿಯಾಗಲು ಆರು ತಿಂಗಳಿರುವಾಗ, ಧೋಂಡಿಬಾ ಒಂದು ಕಾಗದ ಹಿಡಿದು ಕೇಂದ್ರಕ್ಕೆ ಬಂದ. ಮೂರು ತಲೆಮಾರಿನಿಂದ ಕಾಡಿನಲ್ಲಿದ್ದವರಿಗೆ ಅವರ ಮನೆ ಜಾಗದ ಹಕ್ಕುಪತ್ರ ಕೊಡಬೇಕು ಅಂತ ಕಾನೂನಿದೆ. ಅದಕ್ಕೆ ನಮ್ಮ ಹನ್ನೊಂದು ಮನೆಯವರೂ ಅರ್ಜಿ ಹಾಕಿದ್ದರು. ಗ್ರಾಮಸಭೆ ಹೌದು ಅಂದಿತ್ತು. ಮೇಲಿನ ಸಮಿತಿ ಇಲ್ಲ ಅಂದಿತ್ತು. ಅರ್ಜಿ ಉಳಿಯದಿದ್ದರೆ ದಡ್ಡಿ ಉಳಿಯುವುದಿಲ್ಲ, ಇವತ್ತಲ್ಲ ನಾಳೆ ಎಬ್ಬಿಸುತ್ತಾರೆ. ಅಣ್ಣ ಕಾಗದ ಕೊಟ್ಟ: "ಓದು. ನೀ ಕಲತಾಕಿ."

ನಾನು ಓದಿದೆ. 'ಪ್ರಸಿದ್ಧ ಸಂಶೋಧನಾ ಗ್ರಂಥದ ಪ್ರಕಾರ ದಡ್ಡಿ ಎಂದರೆ ಜಾನುವಾರು ಕಟ್ಟುವ ತಾತ್ಕಾಲಿಕ ಬಿಡಾರ. ಆದ್ದರಿಂದ ಅರ್ಜಿದಾರರು ಸದರಿ ಸ್ಥಳದಲ್ಲಿ ಕಾಯಂ ವಾಸವಿದ್ದರೆಂದು ಹೇಳಲಾಗದು.'

"ತಾತ್ಕಾಲಿಕ ಅಂದ್ರೂ ಕೊಡವಲ್ಲರಲ್ಲ!" ಅಂದೆ.

ಲಲಿತಾ ಮೇಡಂ ನನ್ನನ್ನೇ ನೋಡಿದರು. "ಜನಾಬಾಯಿ, ತಾತ್ಕಾಲಿಕ ಅಂದ್ರ ಏನು ತಿಳದೀರಿ?"

"ಪಕ್ಕಾ. ತತ್ಕಾಲ್ ಟಿಕೆಟ್ ಇದ್ದಂಗ."

ಮೇಡಂ ಕುರ್ಚಿಗೆ ಒರಗಿದರು. ಆಮೇಲೆ ಸಾವಕಾಶ ತಿಳಿಸಿ ಹೇಳಿದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಹುಟ್ಟಿದ ಊರನ್ನು ನಾನೇ ನನ್ನ ಬಾಯಿಂದ ಎಬ್ಬಿಸಿದ್ದೆ. ಅದನ್ನು ಕುಂಕುಮ ಹಚ್ಚಿ ಊರೂರು ತೋರಿಸಿಕೊಂಡು ಬಂದಿದ್ದೆ.

ಅಣ್ಣ ಸಿಟ್ಟು ಮಾಡಲಿಲ್ಲ. "ಎಲ್ಲಾರೂ ಒಂದೊಂದು ಸಲ ತಪ್ಪತಾರ. ನೀ ಪುಸ್ತಕದಾಗ ತಪ್ಪಿದಿ, ಅಷ್ಟ" ಅಂದ. ಅವನು ಬಯ್ದಿದ್ದರೆ ಚಲೋ ಇತ್ತು.

ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಲು ಅರವತ್ತು ದಿನ. ಮೇಡಂ ಎಲ್ಲ ಪ್ರೊಫೆಸರುಗಳಿಗೂ ತಿಳಿಸಿದರು. ಅಬ್ಬಾ, ಬೆಂಬಲ ಅಂದರೆ ಎಂಥ ಬೆಂಬಲ! ದಿಲ್ಲಿಯಿಂದ ಬೆಂಬಲ, ಪರದೇಶದಿಂದ ಬೆಂಬಲ. ಒಂದು ಹೇಳಿಕೆ ಬರೆದು ಎಲ್ಲರೂ ಸಹಿ ಹಾಕುವುದು ಅಂತ ಠರಾವಾಯಿತು. ಅದಕ್ಕೆ ಕಂಪ್ಯೂಟರಿನಲ್ಲಿ ಸಭೆ. ಒಬ್ಬರು 'ಬುಡಕಟ್ಟು' ಅಂತ ಬರೆಯಬೇಕು ಅಂದರು. ಒಬ್ಬರು ಅದು ಅವಮಾನ, 'ಮೂಲನಿವಾಸಿ' ಅನ್ನಬೇಕು ಅಂದರು. ಮತ್ತೊಬ್ಬರು ಗೌಳಿಗರು ಸರ್ಕಾರದ ಆದಿವಾಸಿ ಪಟ್ಟಿಯಲ್ಲಿಲ್ಲ, ಕಾನೂನಿನಲ್ಲಿ 'ಇತರೆ ಪಾರಂಪರಿಕ ಅರಣ್ಯವಾಸಿ' ಅಂದರು. ನಾನು ಚಹಾ ಇಡುತ್ತ, "ಅಲ್ಲೂ ಇತರೆನ?" ಅಂದೆ. ಯಾರಿಗೂ ಕೇಳಿಸಲಿಲ್ಲ. ನಮ್ಮನ್ನು ಏನಂತ ಕರೆಯಬೇಕು ಅಂತ ಮೂರು ವಾರ ಜಗಳ ನಡೆಯಿತು. ಕೊನೆಗೆ ಇಂಗ್ಲಿಷಿನಲ್ಲಿ ಉದ್ದದ ಹೇಳಿಕೆ ಆಯಿತು. ನೂರಾರು ಸಹಿ ಬಿದ್ದವು. ಎಲ್ಲರೂ ಎಲ್ಲರಿಗೂ ಕಳಿಸಿ, ಒಬ್ಬರನ್ನೊಬ್ಬರು ಹೊಗಳಿದರು.

ನಾನು ಮೇಡಂಗೆ ಕೇಳಿದೆ: "ಇದನ್ನ ಧಾರವಾಡದ ಸಮಿತಿಗೆ ಯಾರು ಕೊಟ್ಟಾರ್ರಿ?"

ಮೇಡಂ ಫೋನ್ ಎತ್ತಿಕೊಂಡರು. ಫೋನ್ ಮೇಲೆ ಫೋನ್ ಮಾಡಿದರು. ಯಾರೂ ಕೊಟ್ಟಿರಲಿಲ್ಲ. ಆ ರಾತ್ರಿಯೆಲ್ಲ ಕೂತು ಮೇಡಂ ತಾವೇ ಕನ್ನಡದಲ್ಲಿ ಒಂದೂವರೆ ಪುಟದ ಮೇಲ್ಮನವಿ ಬರೆದರು. ಮರುದಿನವೇ ಅಣ್ಣನ ಹೆಬ್ಬೆಟ್ಟು ಒತ್ತಿಸಿ, ಧಾರವಾಡಕ್ಕೆ ಹೋಗಿ ಕೊಟ್ಟು, ಠಸ್ಸೆ ಹಾಕಿಸಿಕೊಂಡು ಬಂದರು. ಆಗ ಇನ್ನು ಎಂಟು ದಿನ ಉಳಿದಿತ್ತು. ಗಂಗಾ, ಬೆಂಬಲ ಅಂದರೆ ಆ ಠಸ್ಸೆ. ಉಳಿದದ್ದು ಪುರಾಣ.

ಆದರೆ ಪುಸ್ತಕದ ಮಾತು ಹಾಗೇ ಇತ್ತು. ಬರೆದವರೇ ಬಂದು ಅಲ್ಲ ಅನ್ನಬೇಕು. ಮೇಡಂ ಕೇಳಿದರೆ ಅಚ್ಯುತ ಸರ್, ಇದರ ಬಗ್ಗೆ ಒಂದು ಲೇಖನ ಬರೆಯುತ್ತೇನೆ ಅಂದರಂತೆ. ಆಮೇಲೆ ನಾನು ಮಾಡಿದೆ ಫೋನು.

"ಸರ, ನೀವು ಬರ್ರಿ."

"ಜನಾಬಾಯಿ, ಅದು ಅಷ್ಟು ಸರಳ ಅಲ್ಲ. ತಾತ್ಕಾಲಿಕ ಅನ್ನೋದನ್ನ ನಾನು ಒಂದು ವಿಶಾಲ ಅರ್ಥದಲ್ಲಿ ಬಳಸಿದ್ದೆ."

"ನಾನೂ ವಿಶಾಲ ಅರ್ಥದಾಗ ಹೇಳಿದ್ದೆ ರೀ. ತತ್ಕಾಲ್ ಟಿಕೆಟ್ ಅಂತ ತಿಳಿದು."

ಸರ್ ಸಣ್ಣ ದನಿಯಲ್ಲಿ, "ಆ ಪುಸ್ತಕಕ್ಕೆ ಪ್ರಶಸ್ತಿ ಬಂದಿದೆ ಜನಾಬಾಯಿ" ಅಂದರು.

"ಹೌದ್ರಿ ಸರ. ದಡ್ಡಿಗೆ ನೋಟೀಸ್ ಬಂದೈತಿ."

ಅವರು ಫೋನ್ ಇಟ್ಟರು. ಬರುವುದಿಲ್ಲ ಅಂತಲೇ ನಾನು ತಿಳಿದೆ. ಊಟ ಸೇರಲಿಲ್ಲ.

ವಿಚಾರಣೆಯ ದಿನ ಧಾರವಾಡದ ಕಚೇರಿಯ ಮುಂದೆ ನಮ್ಮ ದಡ್ಡಿಯ ಮಂದಿ ಎಲ್ಲ ಕೂತಿದ್ದೆವು. ಒಂದು ರಿಕ್ಷಾ ಬಂದು ನಿಂತಿತು. ಸರ್ ಇಳಿದರು. ಮುದುಕರಾಗಿದ್ದರು. ಬಗಲಲ್ಲಿ ಅದೇ ಪುಸ್ತಕ. ವೈನಿ ನೋಡಿ, "ಸರ ಭಾಳ ಸೊರಗ್ಯಾರ. ಮೈಸೂರಾಗ ಹಾಲು ನೀರ ಇರಬೇಕ" ಅಂದಳು.

ಒಳಗೆ ದೊಡ್ಡ ಮೇಜು, ಅದರ ಸುತ್ತ ಸಾಹೇಬರುಗಳು. ಸರ್ ಎದ್ದು ಶುರು ಮಾಡಿದರು. ಚಲನೆ, ನೆಲೆ, ಪ್ರಭುತ್ವ ಅಂತ ಏನೇನೋ. ಇವರು ಮತ್ತೆ ಪುಸ್ತಕವನ್ನೇ ಓದಲು ಹತ್ತಿದರಲ್ಲ! ನಡುವೆ ಕೂತ ಸಾಹೇಬರು ಪೆನ್ನಿನಿಂದ ಮೇಜು ಬಡಿದರು. "ಪ್ರೊಫೆಸರ್ ಸಾಹೇಬ್ರ, ಒಂದ ಮಾತು. ಪುಸ್ತಕದಾಗ ಬರದದ್ದು ಖರೇನೋ, ಸುಳ್ಳೋ?"

ಸರ್ ಪುಸ್ತಕದ ಹಾಳೆ ತಿರುವಲು ಹತ್ತಿದರು.

ನನಗೆ ತಡೆಯಲಾಗಲಿಲ್ಲ, ಎದ್ದೆ. "ತಪ್ಪು ನಂದೈತ್ರಿ ಸಾಹೇಬ್ರ. ಆ ಜನಾಬಾಯಿ ನಾನ" ಅಂತ ಚಪಾತಿ, ಹಂಚು, ಅಳ್ನಾವರದ ತತ್ಕಾಲ್ ಟಿಕೆಟ್, ಎಲ್ಲ ಹೇಳಿಬಿಟ್ಟೆ. ಕೋಣೆಗೆ ಕೋಣೆ ನಕ್ಕಿತು. ಮೂಲೆಯಲ್ಲಿ ನಿಂತ ಸಿಪಾಯಿಯೂ ನಕ್ಕ. ಸಾಹೇಬರು ಕಣ್ಣೊರೆಸಿಕೊಂಡು, "ಏನ್ರಿ ಪ್ರೊಫೆಸರ್, ಅಡಿಗಿಯಾಕಿ ಮಾತು ಕೇಳಿ ಇಷ್ಟು ದೊಡ್ಡ ಗ್ರಂಥ ಬರದ್ರೇನು?" ಅಂದರು.

ಸರ್ ಮುಖ ಕೆಂಪಾಯಿತು. ಈಗ ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು.

"ಇಲ್ಲ ಸ್ವಾಮಿ. ಅವರ ಮಾತು ಕೇಳಲಿಲ್ಲ, ಅದೇ ಆಗಿದ್ದು. ಅವರು 'ಮತ್ತೆ' ಅಂತ ಏನೋ ಹೇಳೋಕೆ ಹೊರಟಿದ್ದರು. ನಾನು ಅವಸರದಲ್ಲಿ ತಡೆದೆ. ಆಯ್ಕೆಗೆ ಎರಡು ಶಬ್ದ ಕೊಟ್ಟವನೂ ನಾನೇ. ಪುಸ್ತಕದಲ್ಲಿರೋದು ತಪ್ಪು. ಬರೆದುಕೊಡ್ತೀನಿ."

ಯಾರೂ ನಗಲಿಲ್ಲ. ಸಿಪಾಯಿ ಒಂದು ಹಾಳೆ ತಂದುಕೊಟ್ಟ. ಸರ್ ಅಲ್ಲೇ ನಿಂತು ನಾಲ್ಕು ಸಾಲು ಬರೆದು ಸಹಿ ಹಾಕಿದರು.

ಸಾಹೇಬರು ನನ್ನ ಕಡೆ ತಿರುಗಿದರು. "ಆತು. ಈಗ ನೀವ ಹೇಳ್ರಿ, ಆವತ್ತ ಉಳದದ್ದು. ದಡ್ಡಿ ಅಂದ್ರ ಎಮ್ಮಿ ಕಟ್ಟೂ ಜಾಗಾ, ಮತ್ತ?"

"ಮತ್ತ ನಾವು ಹುಟ್ಟೂ ಜಾಗಾರೀ. ಸತ್ತ ಮ್ಯಾಲೆ ನಮ್ಮನ್ನ ಹುಗಿಯೂ ಜಾಗಾನೂ ಅದ. ಎಮ್ಮಿ ಮೇಯಾಕ ಅತ್ತಾಗ ಇತ್ತಾಗ ಹೋಗ್ತಾವು, ನಾವೂ ಬೆನ್ನ ಹತ್ತಿ ಹೋಗ್ತೀವಿ. ಆದ್ರ ನಮ್ಮ ಮುತ್ಯಾ, ಅವರ ಮುತ್ಯಾ ಅಲ್ಲೇ ಹುಣಸಿಗಿಡದ ಬುಡಕ ಅದಾರ. ಬಂದು ನೋಡ್ರಿ. ಅವರು ಎಲ್ಲೂ ಎದ್ದು ಹೋಗಿಲ್ಲ."

ಬಂದು ನೋಡಿದರು. ಗೋರಿಯ ಕಲ್ಲು ಎಣಿಸಿದರು, ಬಾವಿ ನೋಡಿದರು, ನೆರೆ ಊರಿನ ಮುದುಕರ ಹೇಳಿಕೆ ಬರೆದುಕೊಂಡರು. ಅದಾದ ಮೇಲೂ ಕಾಗದ ಮೇಜಿಂದ ಮೇಜಿಗೆ ಮೆಲ್ಲಗೆ ತೆವಳಿತು. ನಾನು ನಿವೃತ್ತಿಯಾಗಿ ಎರಡು ವರ್ಷ ದಾಟಿತ್ತು. ಕೊನೆಗೂ ಹನ್ನೊಂದು ಮನೆಗೂ ಹಕ್ಕುಪತ್ರ ಬಂತು.

ಹಕ್ಕುಪತ್ರ ಬಂದ ದಿನ ಲಲಿತಾ ಮೇಡಂ ಅಚ್ಯುತ ಸರ್ ಅವರನ್ನು ಕರೆದುಕೊಂಡು ದಡ್ಡಿಗೆ ಬಂದರು. ಸರ್ ಹತ್ತಿರ ನೋಟ್‌ಬುಕ್ಕು ಇರಲಿಲ್ಲ. ಕಟ್ಟೆ ಮೇಲೆ ಸುಮ್ಮನೆ ಕೂತಿದ್ದರು. ಅವರನ್ನು ಹಾಗೆ ನೋಡಿ ವೈನಿಗೆ ಕೆಡುಕೆನಿಸಿತೋ ಏನೋ, ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾನೇ ಪ್ರಶ್ನೆ ಶುರು ಮಾಡಿದಳು. ನಾನು ನಡುವೆ ಕೂತು ಮಾತು ತಿರುಗಿಸಿ ಹೇಳಿದೆ.

"ಮೈಸೂರಾಗ ಎಷ್ಟು ವರ್ಷದಿಂದ ಅದೀರಿ ಸರ?"

"ಏಳೆಂಟು ವರ್ಷ ಆಯ್ತಮ್ಮ."

"ಅದಕ್ಕೂ ಮೊದಲ?"

"ಇಲ್ಲೇ ಕಲಘಟಗಿ. ಅದಕ್ಕೂ ಮುಂಚೆ ದಿಲ್ಲಿ. ಸ್ವಲ್ಪ ದಿನ ಪರದೇಶ."

"ಹುಟ್ಟಿದ್ದೆಲ್ಲಿ?"

"ಒಂದು ಹಳ್ಳೀಲಿ. ಆ ಮನೆ ಈಗಿಲ್ಲ."

"ನಿಮ್ಮಜ್ಜನ್ನ ಎಲ್ಲಿ ಹುಗದಾರ?"

"ನಮ್ಮಲ್ಲಿ ಹುಗಿಯಲ್ಲಮ್ಮ, ಸುಡ್ತಾರೆ. ಬೂದಿ ಕಾವೇರೀಲಿ ಬಿಟ್ವಿ."

"ಹರಕೊಂಡ ಹೋತೇನು?"

"ಹೌದು, ಹೋಯ್ತು."

ವೈನಿ ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. ನಾಲಿಗೆಯಿಂದ ಲೊಚ್ ಲೊಚ್ ಅಂದಳು. "ಅಯ್ಯ ಪಾಪ. ಹಂಗಾದ್ರ ಇವರ ಅರ್ಜಿ ಪಾಸಾಗೂದಿಲ್ಲ ಬಿಡ" ಅಂದು, ಒಳಗೆ ಹೋಗಿ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದು ಅವರ ಕೈಯಲ್ಲಿಟ್ಟಳು.